ಸಂಕಟದ ಹಳೆಯ ಅರ್ಥ

ಹೋದ ವರ್ಷ, 54ನೆಯ ವಯಸ್ಸಿನಲ್ಲಿ, ನಾನು ಓಡಿದ ಮೊದಲ ಮ್ಯಾರಥಾನಿನ 32ನೆಯ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡಿತು. ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಕಾಲು ತಿಕ್ಕಿಕೊಳ್ಳುತ್ತಿದ್ದಾಗ ನೆನಪಾದದ್ದು ಒಂದೇ ಇಂಗ್ಲಿಷ್ ಪದ: 'ಆ್ಯಗನಿ'. 28 ವರ್ಷ ಹೈಸ್ಕೂಲಿನಲ್ಲಿ ಅದರ ಮುಂದೆ 'ಯಾತನೆ' ಎಂದು ಬರೆಸಿದವಳು ನಾನು.

ಮನೆಗೆ ಬಂದು ನಿಘಂಟು ತೆರೆದೆ. ಬೇರು ಗ್ರೀಕಿನ 'ಅಗೋನ್'. ಅದಕ್ಕೆ ಮೊದಲಿದ್ದ ಅರ್ಥ ಜನ ಕೂಡುವುದು. ಆಮೇಲೆ ಆಟಕ್ಕೆ ಕೂಡಿದ ಜನ, ಆಟದ ಪೈಪೋಟಿ, ಗೆಲ್ಲಲು ಪಡುವ ಪಾಡು, ಕೊನೆಗೆ ಬರಿಯ ಸಂಕಟ. ಜಾತ್ರೆಯಿಂದ ಹೊರಟ ಪದ ಒಂಟಿಯಾಗಿ ನರಳುವವರ ಬಳಿ ಬಂದು ನಿಂತಿದೆ. ಹಾಗಾದರೆ ನೋವು ಒಬ್ಬರದೇ ಸ್ವತ್ತೇ?

ಗೆತ್ಸೇಮನೆಯ ತೋಟದಲ್ಲಿ ಯೇಸು ಪ್ರಾರ್ಥಿಸಿದ ರಾತ್ರಿಯ ಸಂಕಟಕ್ಕೆ ಲೂಕನ ಸುವಾರ್ತೆ ಬಳಸುವುದು ಇದೇ ಬಳಗದ 'ಅಗೋನಿಯಾ'. ಶಿಷ್ಯರು ನಿದ್ದೆಹೋಗಿದ್ದರು. ತನ್ನ ಜೊತೆ ಎಚ್ಚರವಾಗಿರಿ ಎಂದು ಅವನು ಅವರನ್ನು ಕೇಳಿಕೊಂಡಿದ್ದನ್ನು ಮತ್ತಾಯನ ಸುವಾರ್ತೆ ಹೇಳುತ್ತದೆ. ನಾನು ಕ್ರೈಸ್ತಳಲ್ಲ, ಆದರೂ ಆ ಬೇಡಿಕೆ ನನ್ನನ್ನು ಬಿಡುತ್ತಿಲ್ಲ. ದೇವರ ಮಗನೆನಿಸಿಕೊಂಡವನೇ ಸಂಕಟದಲ್ಲಿ ಜೊತೆ ಬೇಡಿದ! ಬೈಬಲಿನಲ್ಲೇ ಇರುವ, ಇಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಬಾಳಿನ ಓಟಕ್ಕೂ 'ಅಗೋನ್' ಎಂದೇ ಹೆಸರು. ಅಲ್ಲಿ ಓಡುವವರ ಸುತ್ತ ಸಾಕ್ಷಿಗಳು ಕಿಕ್ಕಿರಿದಿದ್ದಾರೆ.

ಪೈಪೋಟಿಗೆ ಇಂಗ್ಲಿಷಿನವರು ಹೇಳುವ 'ಕಾಂಪೀಟ್' ಕೂಡ ಲ್ಯಾಟಿನಿನಲ್ಲಿ ಕೂಡಿ ಅರಸುವುದೇ ಆಗಿತ್ತು. ನಮ್ಮ 'ಸಂಸಾರ'ದಲ್ಲೂ ಓಟವಿದೆ. 'ಸೃ' ಎಂದರೆ ಹರಿ, ಓಡು. 'ಸಂ' ಎಂದರೆ ಕೂಡಿ. ಸಂಸ್ಕೃತದ ತತ್ವಜ್ಞಾನಿಗಳು ಅದನ್ನು ಹುಟ್ಟುಸಾವುಗಳ ಕೊನೆಯಿಲ್ಲದ ಅಲೆದಾಟವೆಂದರು, ಬಿಡುಗಡೆ ಬೇಕೆಂದರು. ಕನ್ನಡದ ಮನೆಮಾತು ಅದೇ ಪದವನ್ನು ಹೆಂಡತಿ ಮಕ್ಕಳಿಗೆ, ಒಲೆ ಹೊತ್ತಿಸಿದ ಮನೆಗೆ ಕೊಟ್ಟಿತು. ನನಗೆ ಈ ವಿಷಯದಲ್ಲಿ ಮನೆಮಾತೇ ಹೆಚ್ಚು ತಿಳಿದದ್ದು ಅನ್ನಿಸುತ್ತದೆ.

ನಾನು ಓಡಿದ ಓಟಕ್ಕೂ ಪದಗಳ ನಂಟಿದೆ. 1896ರ ಅಥೆನ್ಸ್ ಒಲಿಂಪಿಕ್ಸಿಗೆ ಮ್ಯಾರಥಾನ್ ಓಟವನ್ನು ಸೂಚಿಸಿದವನು ಮಿಶೆಲ್ ಬ್ರೆಯಾಲ್, ಪದಗಳ ಅರ್ಥ ಹೇಗೆ ಬದಲಾಗುತ್ತದೆಂದು ಹುಡುಕಿದ ಫ್ರೆಂಚ್ ಭಾಷಾಶಾಸ್ತ್ರಜ್ಞ. ಇದನ್ನು ಓದಿದ ದಿನ ನನಗೆ ಹಬ್ಬವಾಯಿತು.

ಆ ಕಲ್ಲಿನ ಬಳಿ ನನಗಾಗಿ ಒಬ್ಬಾಕೆ ನಿಂತರು, ನನ್ನ ಮಗಳ ವಯಸ್ಸಿನವರು. ತಮ್ಮ ಸಮಯ ಕಳೆದುಕೊಂಡು ಕಾಲು ನೀವಿದರು, ಉಪ್ಪು ಹಚ್ಚಿದ ಕಿತ್ತಳೆ ತೊಳೆ ಕೊಟ್ಟರು, "ಏಳಿ ಆಂಟಿ, ನಡೆದುಕೊಂಡೇ ಹೋಗೋಣ" ಅಂದರು. ನೋವು ಹೋಗಲಿಲ್ಲ. ಆದರೆ ಅದು ನನ್ನೊಬ್ಬಳದಾಗಿ ಉಳಿಯಲಿಲ್ಲ.

ಇಂಗ್ಲಿಷ್ ಕಲಿಸುವ ಗೆಳೆಯರೇ, 'ಆ್ಯಗನಿ'ಯ ಮುಂದೆ 'ಯಾತನೆ' ಎಂದಷ್ಟೇ ಬರೆಸಿ ಪುಟ ತಿರುವಬೇಡಿ. ಜನ ಕೂಡಿದ್ದ ಆ ಬಯಲನ್ನೂ ಮಕ್ಕಳಿಗೆ ತೋರಿಸಿ.