ದಾನವೋ ದಾಸೋಹವೋ

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಬಡ ವಿದ್ಯಾರ್ಥಿಗೆ ಸಮಾಜ ನೀಡುವ ನೆರವು ಕರುಣೆಯೋ ಕರ್ತವ್ಯವೋ ಎಂಬ ಪ್ರಶ್ನೆಗೆ 12ನೆಯ ಶತಮಾನದ ಶರಣರ ದಾಸೋಹ ತತ್ತ್ವದಲ್ಲಿ ಉತ್ತರವಿದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುವ ಅಪಾಯವಿದ್ದರೆ, ತನ್ನನ್ನು ದಾಸನೆಂದು ತಿಳಿದು ದುಡಿಮೆಯ ಫಲವನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹದಲ್ಲಿ ಅಂಥ ಅಹಂಕಾರಕ್ಕೆ ಎಡೆಯಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು (1907–2019) ಈ ತತ್ತ್ವವನ್ನು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವಾಗಿ ಬೆಳೆಸಿ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಉಚಿತ ಊಟ, ವಸತಿ, ಶಿಕ್ಷಣಗಳನ್ನು ಒದಗಿಸಿದರು. ಆದರೆ ಬಡ ವಿದ್ಯಾರ್ಥಿಯ ಶುಲ್ಕ ತುಂಬಿದ ಮಾತ್ರಕ್ಕೆ ಸಮಾಜದ ಹೊಣೆ ತೀರದು. ಅರ್ಜಿ, ಸಂದರ್ಶನ, ಉದ್ಯೋಗಗಳ ದಾರಿ ತಿಳಿಸಬಲ್ಲವರು ಮನೆಯಲ್ಲಿಲ್ಲದವರಿಗೆ ಕಾಯಕ, ಅಂದರೆ ಘನತೆಯುಳ್ಳ ದುಡಿಮೆ, ಕೈಗೂಡುವವರೆಗೆ ಜೊತೆ ನಿಂತಾಗಲೇ ದಾಸೋಹ ಪೂರ್ಣವಾಗುತ್ತದೆ.