ಶ್ರದ್ಧೆಗೆ ಪರೀಕ್ಷೆಯೇ ಬುನಾದಿ



ಮನೆಮಾತು ಕನ್ನಡವಿರಲಿ, ತೆಲುಗಿರಲಿ, ಮಾರವಾಡಿಯಿರಲಿ, ಮಕ್ಕಳ ಪ್ರಶ್ನೆ ಒಂದೇ: ಪ್ರಮಾಣವಿಲ್ಲದೆ ದೇವರನ್ನು ನಂಬುವುದು ಯುಕ್ತವೇ? ಅವರನ್ನು ಗದರಿಸಬಾರದು. ಆಚಾರ್ಯ ಸಮಂತಭದ್ರರು 'ಆಪ್ತಮೀಮಾಂಸೆ'ಯಲ್ಲಿ ಜಿನೇಂದ್ರನನ್ನೇ ಪರೀಕ್ಷೆಗೆ ಒಳಪಡಿಸಿದರು. ದೇವತೆಗಳ ಆಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಪೂಜ್ಯತೆಗೆ ಪ್ರಮಾಣವಲ್ಲವೆಂದರು. ದೋಷರಹಿತನಾಗಿ, ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ಮಾತನ್ನು ನುಡಿದವನೇ ಆಪ್ತನೆಂದು ನಿರ್ಣಯಿಸಿದರು.

ಆದರೆ ದೋಷವೇ ಇಲ್ಲದವನನ್ನು ಕಂಡವರಾರು? ಕ್ರೋಧ ಲೋಭಗಳು ಒಬ್ಬನಲ್ಲಿ ಹೆಚ್ಚು, ಒಬ್ಬನಲ್ಲಿ ಕಡಿಮೆ. ಕಡಿಮೆಯಾಗಬಲ್ಲದ್ದು ಪೂರ್ಣವಾಗಿಯೂ ಅಳಿಯಬಲ್ಲದು. ಈ ಅನುಮಾನಪ್ರಮಾಣವೇ ಶ್ರದ್ಧೆಗೆ ಆಧಾರ.

ಆದವಾನಿಯ ಮಾರುಕಟ್ಟೆಯಲ್ಲಿ ಎಳೆ ನೋಡದೆ ಹತ್ತಿಗೆ ಬೆಲೆ ಕಟ್ಟುವವರಿಲ್ಲ. ಜೀವಮಾನವನ್ನೇ ಒಪ್ಪಿಸುವ ಶ್ರದ್ಧೆಗೆ ಅಷ್ಟಾದರೂ ಪರೀಕ್ಷೆ ಬೇಡವೇ? ಜಿನನು ಜಗತ್ಕರ್ತನಲ್ಲ, ಲಾಭ ಹಂಚುವವನೂ ಅಲ್ಲ. ಲಾಭಕ್ಕಾಗಿ ನಂಬಿದವನ ಶ್ರದ್ಧೆ ನಷ್ಟದ ದಿನ ಕುಸಿಯುತ್ತದೆ. ಪರೀಕ್ಷಿಸಿ ನಂಬಿದವನದು ನಿಲ್ಲುತ್ತದೆ.

ಜೈ ಜಿನೇಂದ್ರ.