ಮಾಸ್ಕ್ ಮೊದಲು, ವಾದ ಆಮೇಲೆ

"ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಪಕ್ಕದವರಿಗೆ ಸಹಾಯ ಮಾಡಿ." ವಿಮಾನ ಹತ್ತಿದಾಗಲೆಲ್ಲ ಈ ಮಾತು ಕಿವಿಗೆ ಬಿದ್ದಿರುತ್ತೆ, ನಾವು ಮೊಬೈಲ್ ನೋಡ್ತಾ ಕೂತಿರ್ತೀವಿ. ಈಚೆಗೆ ಅದು ವಿಮಾನದಿಂದ ಇಳಿದು ಆಫೀಸಿಗೂ ಬಂದಿದೆ. ವರ್ಕ್‌ಶಾಪ್ ಮಾಡೋರು, ಲಿಂಕ್ಡ್‌ಇನ್‌ನಲ್ಲಿ ಉದ್ದುದ್ದ ಬರೆಯೋರು ಎಲ್ಲರದೂ ಒಂದೇ ಅರ್ಥ: ಮೊದಲು ನಿನ್ನನ್ನ ನೀನು ನೋಡ್ಕೋ. ನಾನೂ ಹಾಗೇ ಅಂದುಕೊಂಡಿದ್ದೆ, ಹೀಲಿಯೋಸ್ ವಿಮಾನದ ಕಥೆ ಓದೋವರೆಗೆ.

2005ರ ಆಗಸ್ಟ್ 14. ಸೈಪ್ರಸ್‌ನ ಲಾರ್ನಾಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737ರಲ್ಲಿ 121 ಜನ ಇದ್ದರು. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತೆ. ಅದಕ್ಕೇ ಕ್ಯಾಬಿನ್ ಒಳಗೆ ಗಾಳಿಯ ಒತ್ತಡವನ್ನ ಹೆಚ್ಚು ಇಟ್ಟಿರ್ತಾರೆ. ವಿಮಾನ ಎಷ್ಟೇ ಎತ್ತರದಲ್ಲಿರಲಿ, ಒಳಗೆ ಕೂತವರಿಗೆ ಹೆಚ್ಚೆಂದರೆ ಎಂಟು ಸಾವಿರ ಅಡಿಯಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ನೆತ್ತಿಗಿಂತಲೂ ಮೇಲೆ, ಇದ್ದ ಹಾಗಿರುತ್ತೆ. ಅವತ್ತು ಹಾಗಾಗಲಿಲ್ಲ. ರಾತ್ರಿ ತಪಾಸಣೆಯ ನಂತರ ಒತ್ತಡದ ಸ್ವಿಚ್ 'ಮ್ಯಾನ್ಯುಯಲ್'ನಲ್ಲೇ ಉಳಿದಿತ್ತು. ಪೈಲಟ್‌ಗಳೂ ಅದನ್ನ ಗಮನಿಸಲಿಲ್ಲ.

12 ಸಾವಿರ ಅಡಿ ದಾಟುವಾಗ ಹಾರ್ನ್ ಹೊಡೆಯಿತು. ಆದರೆ ನೆಲದ ಮೇಲಿದ್ದಾಗ, ಟೇಕಾಫ್‌ಗೆ ವಿಮಾನ ಸರಿಯಾಗಿ ಸಿದ್ಧವಾಗಿಲ್ಲ ಅಂತ ಎಚ್ಚರಿಸೋದಕ್ಕೂ ಅದೇ ಹಾರ್ನ್. ಪೈಲಟ್‌ಗಳು ಇದು ಅದೇ ಇರಬೇಕು ಅಂದುಕೊಂಡರು. ವಿಮಾನ ಏರುತ್ತಲೇ ಇತ್ತು. ಕ್ಯಾಪ್ಟನ್ ರೇಡಿಯೋದಲ್ಲಿ ಕಂಪನಿಯವರ ಜೊತೆ ಮಾತಾಡಿದರು. ಒತ್ತಡದ ಸ್ವಿಚ್ 'ಆಟೋ'ದಲ್ಲಿದೆಯಾ ಅಂತ ಕೇಳಿದೆ ಅಂತ ಕೆಳಗಿದ್ದ ಎಂಜಿನಿಯರ್ ಆಮೇಲೆ ಹೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ಕ್ಯಾಪ್ಟನ್ ಬೇರೇನೋ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಅಂತ ಕೇಳಿದರು. ಸ್ವಲ್ಪ ಹೊತ್ತಿಗೆ ರೇಡಿಯೋ ಸುಮ್ಮನಾಯಿತು. ಆಟೋಪೈಲಟ್ ಹಾರಿಸುತ್ತಲೇ ಇತ್ತು. ಇಂಧನ ಮುಗಿದು ವಿಮಾನ ಗ್ರೀಸ್‌ನ ಬೆಟ್ಟವೊಂದಕ್ಕೆ ಬಿತ್ತು. ಯಾರೂ ಉಳಿಯಲಿಲ್ಲ.

ನನ್ನನ್ನ ಕಾಡಿದ್ದು ಆ ಸ್ವಿಚ್ ಅಲ್ಲ, ಉತ್ತರವಿಲ್ಲದೇ ಹೋದ ಆ ಪ್ರಶ್ನೆ. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗೋದು ಮಿದುಳು. ತಮಾಷೆ ಅಂದ್ರೆ ಎಷ್ಟೋ ಸಲ ಆ ಮನುಷ್ಯನಿಗೆ ಏನೂ ಆಗಿಲ್ಲ ಅಂತಲೇ ಅನಿಸುತ್ತೆ. ಕೆಲವರಿಗಂತೂ ಖುಷಿ, ಎಲ್ಲಿಲ್ಲದ ಧೈರ್ಯ. 'ನಾನು ಸರಿ ಇಲ್ಲ' ಅಂತ ಗೊತ್ತಾಗೋಕೆ ಯಾವ ಬುದ್ಧಿ ಬೇಕೋ, ಕೆಟ್ಟಿರೋದು ಅದೇ.

ಇದನ್ನ ನಾನು ಮನೆಯಲ್ಲೇ ನೋಡಿದೀನಿ. ಅಪ್ಪ ಹಾಸನದಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಈಗ ನಿವೃತ್ತರು. ಇನ್ಸುಲಿನ್ ತಗೋತಾರೆ. ಒಂದು ಸಂಜೆ ಕರೆಂಟ್ ಬಿಲ್ ಹಿಡಕೊಂಡು ಲೆಕ್ಕ ತಪ್ಪಿದೆ ಅಂತ ಕೂಗಾಡ್ತಿದ್ದರು. ಅಂಗಿ ಬೆವರಿಗೆ ಒದ್ದೆ. ಅಮ್ಮ ಸಕ್ಕರೆ ಡಬ್ಬಿ ತಂದು, "ಒಂದು ಚಮಚ ಬಾಯಿಗೆ ಹಾಕ್ಕೊಳ್ಳಿ" ಅಂದರು. "ನಂಗೇನಾಗಿದೆ? ಸರಿಯಾಗೇ ಇದೀನಿ" ಅಂತ ಅಪ್ಪ ಡಬ್ಬಿ ತಳ್ಳಿದರು. ನಾನು ದೊಡ್ಡ ನ್ಯಾಯವಂತನ ಹಾಗೆ, "ಬೇಡ ಅಂತಿದಾರಲ್ಲ, ಬಿಡಮ್ಮ" ಅಂದೆ. ಹತ್ತು ನಿಮಿಷಕ್ಕೆ ಅಪ್ಪ ಕುರ್ಚಿಯಲ್ಲೇ ವಾಲಿದರು. ಮೀಟರ್‌ನಲ್ಲಿ 44. ಪುಣ್ಯಕ್ಕೆ ಗ್ಲೂಕೋಸ್ ನೀರು ನುಂಗೋಷ್ಟು ಎಚ್ಚರ ಇತ್ತು.

ಅವರ ಮಾತಿಗೆ ಬೆಲೆ ಕೊಡ್ತಿದೀನಿ ಅಂದುಕೊಂಡಿದ್ದೆ. ಆದರೆ ಯಾವ ಅಪ್ಪನ ಮಾತಿಗೆ?

ಇಲ್ಲೊಂದು ಅಪಾಯ ಇದೆ, ಒಪ್ತೀನಿ. 'ನಿನಗೆ ಈಗ ಬುದ್ಧಿ ನೆಟ್ಟಗಿಲ್ಲ, ನಾನು ಹೇಳಿದ್ದು ಕೇಳು' ಅನ್ನೋ ಮಾತನ್ನ ಗಂಡ ಹೆಂಡತಿಗೆ, ಬಾಸ್ ಕೆಳಗಿನವರಿಗೆ ಎಷ್ಟು ಸುಲಭವಾಗಿ ಹೇಳಬಹುದು! ಹಾಗಾದ್ರೆ ಇನ್ನೊಬ್ಬರ ಮೇಲೆ ಆ ಹಕ್ಕು ಯಾರಿಗಿದೆ?

ಉತ್ತರ ಕೊಟ್ಟಿದ್ದು ಅಪ್ಪನೇ. ಮಾರನೇ ದಿನ ಕಾಫಿ ಕುಡೀತಾ ಅಂದರು: "ಇನ್ಮೇಲೆ ನಿಮ್ಮಮ್ಮ ಸಕ್ಕರೆ ಅಂದ್ರೆ ನಾನು ವಾದ ಮಾಡಲ್ಲ. ಮಾಡಿದ್ರೆ, ಶುಗರ್ ಇಳಿದಿದೆ ಅಂತಲೇ ತಿಳ್ಕೊಳ್ಳಿ." ಆ ಹಕ್ಕನ್ನ ಅಮ್ಮ ಕಿತ್ತುಕೊಂಡಿದ್ದಲ್ಲ, ಅಪ್ಪ ನೆಟ್ಟಗಿದ್ದಾಗ ತಾವೇ ಕೊಟ್ಟಿದ್ದು. ಅದೂ ಒಂದು ಚಮಚಕ್ಕೆ ಮಾತ್ರ. ಅನುಮಾನ ಸುಳ್ಳಾದ್ರೆ ನಷ್ಟ ಅಷ್ಟೇ. ಸಕ್ಕರೆ ತಿಂದಮೇಲೆ ಬಿಲ್ ಬಗ್ಗೆ ಎಷ್ಟು ಬೇಕಾದ್ರೂ ಜಗಳ ಆಡಬಹುದು.

ಕ್ಯಾಬಿನ್ ಒತ್ತಡದ ಹಾರ್ನ್ ಹೊಡೆದರೆ ಪೈಲಟ್‌ಗಳು ಮಾಡಬೇಕಾದ ಮೊದಲ ಕೆಲಸವೂ ಇದೇ: ಮಾಸ್ಕ್ ಹಾಕು, ಕಾರಣ ಆಮೇಲೆ ಹುಡುಕು. ನೆಲದ ಮೇಲೆ ತಿಳಿಯಾಗಿದ್ದ ಬುದ್ಧಿ, ಮೇಲೆ ಮಂಕಾಗಬಹುದಾದ ಬುದ್ಧಿಗಾಗಿ ಬರೆದಿಟ್ಟ ಮಾತು ಅದು. ನನ್ನನ್ನ ನಾನು ಪ್ರೀತಿಸಬೇಕು ಅಂತ ಅದು ಹೇಳ್ತಿಲ್ಲ. ನನ್ನನ್ನ ನಾನು ಪೂರ್ತಿ ನಂಬಬಾರದು ಅಂತಿದೆ. ಮುಂದೆ 737ರ ಕಾಕ್‌ಪಿಟ್‌ಗಳಲ್ಲಿ ಒತ್ತಡದ ಎಚ್ಚರಿಕೆಗೆ ಬೇರೆಯದೇ ದೀಪ ಬಂತು. ನಮಗೆ ಅಂಥ ದೀಪ ಇಲ್ಲ. ಇರೋದು ಹತ್ತಿರದವರ ಬಾಯಿ ಮಾತ್ರ.

ರಿಲೀಸ್ ಹಿಂದಿನ ರಾತ್ರಿ ಎರಡು ಗಂಟೆಗೆ 'ಐ ಆಮ್ ಫೈನ್' ಅಂತ ಎಲ್ಲರಿಗೂ ರೇಗೋನು ನಾನು. ಹೋದ ತಿಂಗಳು ಟೀಮಿನ ಗೆಳತಿಯೊಬ್ಬಳಿಗೆ ಹೇಳಿಟ್ಟೆ: "ನೀನು 'ಸಕ್ಕರೆ' ಅಂದ್ರೆ ನಾನು ಲ್ಯಾಪ್‌ಟಾಪ್ ಮುಚ್ತೀನಿ." ಅವಳು ನಕ್ಕಳು. ಮೊನ್ನೆ ಅಂದೇಬಿಟ್ಟಳು. ನನಗೆ ವಿಪರೀತ ಸಿಟ್ಟು ಬಂತು.

ಮುಚ್ಚಿದೆ.